ಮಾವನ ಮನೆಯ ವಿಳಾಸ

ನನ್ನ ತಂಗಿಯ ಆಧಾರ್ ಕಾರ್ಡಿನ ವಿಳಾಸ ಬದಲಾಯಿಸಿದವನು ನಾನು. ಅದನ್ನು ನಾನು ಅವಳಿಗೆ ಹೇಳಲಿಲ್ಲ. ಹೇಳಬೇಕಾಗಿದ್ದ ದಿನವೂ ಹೇಳಲಿಲ್ಲ, ಅದರ ಮಾರನೆಯ ದಿನವೂ ಹೇಳಲಿಲ್ಲ, ಹೀಗೆ ನಾಲ್ಕು ವರ್ಷ ಕಳೆದವು. ಆ ತಪ್ಪು ಅವಳ ಆಟದ ಮೇಷ್ಟರ ತಲೆಗೆ ಬಿದ್ದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬೀಳಿಸಿದ ಮೊದಲ ಮಾತೂ ನನ್ನದೇ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಅಪ್ಪ ತೀರಿಕೊಂಡ ವರ್ಷ ಶಾಲೆ ಬಿಟ್ಟೆ. ಕಾಗದದ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಬಾಯಲ್ಲಿ ಮಾತ್ರ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ. ಪಣಕಹಳ್ಳಿ ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ ಯಾವ ವಿಷಯ ಬಂದರೂ ಕೊನೆಯ ಮಾತು ನನ್ನದೇ ಆಗಬೇಕು ಎಂಬ ಚಟ ನನಗಿತ್ತು.

ನಮ್ಮೂರು ಗಡಿಯಲ್ಲಿದೆ, ಮಾತು ಕನ್ನಡ, ಸೇರಿದ್ದು ತಮಿಳುನಾಡಿಗೆ. ಆ ಅಂಗಡಿಗೆ ಎರಡು ಪೇಪರ್ ಬರುತ್ತವೆ. ಚಾಮರಾಜನಗರದ ಬಸ್ಸಿನಲ್ಲಿ ಕನ್ನಡದ್ದು, ಸತ್ಯಮಂಗಲದಿಂದ ಘಾಟಿ ಹತ್ತಿ ಬರುವ ಬಸ್ಸಿನಲ್ಲಿ ತಮಿಳಿನದು. ದೇಶದ ಆ ವರ್ಷದ ಶ್ರೇಷ್ಠ ಕ್ರೀಡಾಪಟು ಯಾರು ಎಂದು ಪ್ರಶಸ್ತಿ ಕೊಡುವ ಸಮಯ ಬಂದಾಗ ಎರಡರಲ್ಲೂ ಪಟ್ಟಿ ಬರುತ್ತದೆ. ಒಂದರಲ್ಲಿ ದೊಡ್ಡದಾಗಿ ಬಂದವರ ಫೋಟೋ ಇನ್ನೊಂದರಲ್ಲಿ ಅಂಚೆಚೀಟಿಯಷ್ಟು ಇರುತ್ತದೆ. ಜಗಳ ಶುರುವಾಗಲು ಅಷ್ಟು ಸಾಕು. ಯಾರಿಗೆ ಸಲ್ಲಬೇಕು ಎಂದು ನಾವು ವಾರಗಟ್ಟಲೆ ಕಿತ್ತಾಡುತ್ತಿದ್ದೆವು. ನಮ್ಮ ಮಾತು ಕೇಳಿ ಯಾರೂ ಪ್ರಶಸ್ತಿ ಕೊಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಬೆಳಗ್ಗೆ ಎದ್ದು ಹೊಲಕ್ಕೆ ಹೋಗುವ ಮುಂಚೆ ಅಲ್ಲಿಗೆ ಹೋಗುತ್ತಿದ್ದೆವು.

ನಾಲ್ಕು ವರ್ಷದ ಹಿಂದಿನ ಒಂದು ಬೆಳಗ್ಗೆ ಮಾತು ಎತ್ತಿದವನು ಟೀ ಅಂಗಡಿಯವನು.

“ಈ ಸಲ ಚೆಸ್ ಆಡೋನ್ಗ ಕೊಡ್ತರಂತ. ಕೂತ್ಕಂಡ್ ಆಡದೂ ಒಂದ್ ಆಟ್ವಾ? ಅಂಗಾದ್ರ ನಮ್ ಜಗ್ಲಿ ಮ್ಯಾಲ ಚೌಕಾಬಾರ ಆಡ ಮುದುಕ್ರ್ಗೂ ಕೊಡ್ಲಿ.”

“ಬೆವ್ರ್ ಸುರಿಸ್ದೋರ್ಗೇ ಕೊಡ್ಬೇಕು ಅಂದ್ರ ನಿನ್ ಬಾಯ್ಲರ್ಗ ಕೊಡ್ಬೇಕಾಯ್ತದ ಕಣ್ಲಾ,” ಎಂದರು ರಿಟೈರಾದ ಬಸ್ ಕಂಡಕ್ಟರು. ಊರಿನ ಗಂಡುಮಕ್ಕಳೆಲ್ಲ ಅವರನ್ನು ದೊಡ್ಡಪ್ಪ ಎನ್ನುತ್ತಾರೆ. ಮೂವತ್ತು ವರ್ಷ ಘಾಟಿಯ ಕೆಳಗಿನ ಊರುಗಳಿಗೆ ಓಡಾಡಿದವರು ಎಂದು ಅವರ ಮಾತಿಗೆ ಬೆಲೆ ಜಾಸ್ತಿ.

“ಭಾರ ಎತ್ತ ಎಣ್ಮಗ್ಳು ಅವ್ಳಲ್ಲ, ಅವ್ಳ್ಗೇ ಸಲ್ಬೇಕು ದೊಡ್ಡಪ್ಪ,” ಎಂದೆ ನಾನು. “ಅವ್ಳ್ ಊರ್ಗ ರೋಡೇ ಇಲ್ವಂತ.”

“ರೋಡ್ ಇಲ್ದೋರ್ಗ ಪ್ರಶಸ್ತಿ ಅಂದ್ರ, ಮಳ ಉಯ್ದ್ ದಿನ ನಮ್ಗೂ ಒಂದ್ ಬತ್ತದ ಬುಡು,” ಎಂದ ಅಂಗಡಿಯವನು. ಎಲ್ಲರೂ ನಕ್ಕರು. ನಾನು ಸೋಲಲಿಲ್ಲ, ಅವಳು ಎತ್ತಿದ ಭಾರ ಎಷ್ಟು ಮೂಟೆಗೆ ಸಮ ಎಂದು ಬೆರಳು ಮಡಿಸಿ ತೋರಿಸಿದೆ. ಆಗ ದೊಡ್ಡಪ್ಪ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ಅದ್ ಇರ್ಲಿ. ನಿನ್ ತಂಗಿ ಈಟಿ ಎಸೀತಳಲ್ಲ, ಅವ್ಳು ಯಾವ್ ರಾಜ್ಯಕ್ಕ್ಲಾ ಎಸೀತಳ?”

ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಆಗ ಹತ್ತನೇ ಕ್ಲಾಸಿನಲ್ಲಿದ್ದಳು. ಮುಸುಕಿನ ಜೋಳ ತೆನೆ ಕಟ್ಟುವ ಕಾಲದಲ್ಲಿ ನಮ್ಮ ಹೊಲಕ್ಕೆ ಗಿಳಿಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಅವನ್ನು ಎಬ್ಬಿಸಬೇಕು. ನಾನು ಬೀಸಿದರೆ ಕಲ್ಲು ಬೆಳೆಯ ನಡುವೆ ಬಿದ್ದು ನಾಲ್ಕು ಗಿಡ ಮುರಿಯುತ್ತಿತ್ತು. ಅವಳು ಬೀಸಿದರೆ ಕಲ್ಲು ಸರಿಯಾಗಿ ಬದುವಿನ ಮೇಲೆ ಬೀಳುತ್ತಿತ್ತು. ಹಕ್ಕಿ ಏಳುತ್ತಿತ್ತು, ಗಿಡಕ್ಕೆ ಒಂದು ಏಟೂ ಇಲ್ಲ. ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಆಟದ ಮೇಷ್ಟರು ಅದನ್ನು ನೋಡುತ್ತ ನಿಂತು ಬಸ್ಸನ್ನೇ ಬಿಟ್ಟುಬಿಟ್ಟರು. ಬದುವಿನ ಮೇಲೆ ನಡೆದು ಬಂದು, ನಮ್ಮ ಅವ್ವನನ್ನು ಕೇಳಿ, ತಂಗಿಯ ಕೈ ಹಿಡಿದು ಮೊಣಕೈ ಮಡಿಸಿ ಬಿಡಿಸಿ ನೋಡಿದರು.

ಮೇಷ್ಟರು ಘಾಟಿಯ ಕೆಳಗಿನವರು, ತಮಿಳರು. ಮಕ್ಕಳಿಂದಲೇ ನಮ್ಮ ಮಾತು ಕಲಿತಿದ್ದರು. ಶಾಲೆಯಲ್ಲಿ ಜಾವೆಲಿನ್ ಇರಲಿಲ್ಲ. ಸಂತೆಯಿಂದ ಬಿದಿರ ಗಳ ತಂದು, ತುದಿಗೆ ತಗಡು ಸುತ್ತಿ, ನಡುವೆ ಹುರಿ ಬಿಗಿದು ಕೊಟ್ಟರು. “ಮೊಣಕೈ ಮ್ಯಾಲ ಅಮ್ಮಿ, ಮ್ಯಾಲ!” ಎಂದು ಅವರು ಕೂಗುವುದು ಶಾಲೆಯ ಹಿಂದಿನ ನಮ್ಮ ಹೊಲಕ್ಕೆ ಕೇಳಿಸುತ್ತಿತ್ತು. ಎರಡನೇ ವರ್ಷ ಎಲ್ಲಿಂದಲೋ ಒಂದು ನಿಜವಾದ ಈಟಿ ತಂದರು. ಆ ವರ್ಷ ತಂಗಿ ಜಿಲ್ಲೆಗೆ ಮೊದಲು ಬಂದಳು. ಮುಂದೆ ಕ್ರೀಡಾ ಹಾಸ್ಟೆಲಿನ ಆಯ್ಕೆ. ಹನ್ನೊಂದನೇ ಕ್ಲಾಸಿಗೆ ಸೇರುವಾಗ ತೆಗೆದುಕೊಂಡರೆ ಉಂಟು, ಆಮೇಲೆ ಇಲ್ಲ. ಅಲ್ಲಿ ಸೇರಿದರೆ ಊಟ, ಓದು, ಒಳ್ಳೆಯ ಕೋಚು, ಮುಂದೆ ರಾಜ್ಯದ ತಂಡ. ಮೇಷ್ಟರು ಇದನ್ನು ನಮ್ಮ ಮನೆಯ ಜಗಲಿಯಲ್ಲಿ ಕೂತು ಅವ್ವನಿಗೆ ಮೂರು ಸಲ ಹೇಳಿದ್ದರು.

ಇದೆಲ್ಲ ದೊಡ್ಡಪ್ಪನಿಗೂ ಗೊತ್ತಿತ್ತು. ಅವರು ಹೇಳಿದರು, “ಇತ್ತಗಿಂದ ಆಡಕ್ಕೋದ್ರ ಕನ್ನಡ ಮೀಡಿಯಂ ಅಂತ ಪಕ್ಕಕ್ಕ ಇಡ್ತರ. ಅತ್ತ ಕರ್ನಾಟಕ್ದಿಂದ ಆದ್ರ ನಮ್ ಮಾತ್ನೋರು, ಎತ್ಕಂಡ್ ಮೆರಸ್ತರ. ನಾಳ ಈ ಪಟ್ಟೀಲಿ ಅವ್ಳ್ ಫೋಟೋ ಬರ್ಬೇಕಾ ಬ್ಯಾಡ್ವಾ?”

ಅದು ನಿಜವೋ ಸುಳ್ಳೋ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಯಾರೂ ಅಂಥದ್ದಕ್ಕೆ ಅರ್ಜಿ ಹಾಕಿ ನೋಡಿರಲಿಲ್ಲ. ಆದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಅದ್ಕೆಲ್ಲ ನಾ ವ್ಯವಸ್ಥ ಮಾಡಿವ್ನಿ ದೊಡ್ಡಪ್ಪ,” ಎಂದೆ.

ಏನೂ ಮಾಡಿರಲಿಲ್ಲ. ಬಾಯಿಂದ ಬಂದ ಮೇಲೆ ಮಾಡಬೇಕಾಯಿತು.

ನಮ್ಮ ಕಡೆ ಕಾಗದಪತ್ರದ ವಿಷಯವೇ ಬೇರೆ. ಮನೆಯಲ್ಲಿ ಕನ್ನಡ, ತಾಲೂಕು ಆಫೀಸಿನಲ್ಲಿ ತಮಿಳು. ಹೆಣ್ಣು ಕೊಡುವುದು ತರುವುದು ಎರಡೂ ಗಡಿಯಾಚೆಯಿಂದ. ರೇಷನ್ ಕಾರ್ಡು ಇಲ್ಲಿದ್ದರೆ ಹೆರಿಗೆಗೆ ಅಲ್ಲಿನ ಆಸ್ಪತ್ರೆ. ಹೊಲ ಇಲ್ಲಿದ್ದರೆ ಇನ್ಯಾವುದೋ ಕಾರ್ಡು ಮಾವನ ಮನೆಯ ವಿಳಾಸದಲ್ಲಿ. ಎರಡು ಕಡೆಯೂ ಒಂದೊಂದು ಕಾಲಿಟ್ಟುಕೊಂಡಿರುವುದು ಜಾಣತನ ಎಂದೇ ನಾವು ಬೆಳೆದದ್ದು. ಅದರಿಂದ ಯಾರಿಗೂ ತೊಂದರೆ ಆದದ್ದನ್ನು ನಾನು ನೋಡಿರಲಿಲ್ಲ.

ಅವ್ವನ ತಮ್ಮನ ಊರು ಗಡಿಯಾಚೆ, ಬೈಕಿನಲ್ಲಿ ಮುಕ್ಕಾಲು ಗಂಟೆ. ನಾನು ಹೋಗಿ ಮಾವನಿಗೆ ಹೇಳಿದೆ. ಸೋದರ ಸೊಸೆ ತನ್ನ ಕಡೆಯಿಂದ ಆಡುತ್ತಾಳೆ ಎಂದರೆ ಅವನಿಗೂ ಹಿಗ್ಗು. ಅಲ್ಲಿನ ಆನ್‌ಲೈನ್ ಅಂಗಡಿಯಲ್ಲಿ ಕೂತು ಅವಳ ಆಧಾರ್ ವಿಳಾಸವನ್ನು ಮಾವನ ಮನೆಗೆ ಹಾಕಿಸಿದೆವು. ಒಟಿಪಿ ನಂಬರು ಬರುವ ಮೊಬೈಲು ನನ್ನದೇ ಆಗಿದ್ದರಿಂದ ಅವಳು ಬೇಕಾಗಲಿಲ್ಲ. ಅವಳನ್ನು ಕೇಳಬೇಕು ಎಂದೂ ನನಗೆ ಅನ್ನಿಸಲಿಲ್ಲ. ಮೇಷ್ಟರನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಬೇಡ ಎನ್ನುತ್ತಿದ್ದರು. ಅದಕ್ಕೇ ಕೇಳಲಿಲ್ಲವೋ ಏನೋ.

ಮೇಷ್ಟರು ಇತ್ತ ಕಡೆಯ ಅರ್ಜಿಗೆ ಆಧಾರ್ ಪ್ರತಿ ಕೇಳಿದಾಗ ಹಳೆಯ ಜೆರಾಕ್ಸು ಕೊಟ್ಟೆ. ಇಲ್ಲೂ ಎಸೆಯಲಿ, ಅಲ್ಲೂ ಎಸೆಯಲಿ, ಯಾರು ಕರೆದರೆ ಅವರ ಕಡೆ ಹೋಗಲಿ ಎಂದು ನನ್ನ ಲೆಕ್ಕ.

ಆಯ್ಕೆಯ ದಿನ ಮೊದಲ ಬಸ್ಸಿಗೆ ನಾನು, ತಂಗಿ, ಮೇಷ್ಟರು ಘಾಟಿ ಇಳಿದೆವು. ಮೈದಾನದ ಬಾಗಿಲಲ್ಲಿ ಮೇಜು ಹಾಕಿಕೊಂಡು ಒಬ್ಬ ಗುಮಾಸ್ತರು ಒಬ್ಬೊಬ್ಬರ ನಂಬರನ್ನು ಕಂಪ್ಯೂಟರಿಗೆ ಹಾಕಿ ನೋಡುತ್ತಿದ್ದರು. ನಮ್ಮ ಸರದಿ ಬಂತು. ಅವರು ಪರದೆ ನೋಡಿದರು, ಜೆರಾಕ್ಸು ನೋಡಿದರು, ಮತ್ತೆ ಪರದೆ ನೋಡಿದರು. ಅರ್ಜಿಯಲ್ಲಿ ಒಂದು ವಿಳಾಸ, ಇಲ್ಲಿ ಕರ್ನಾಟಕದ ವಿಳಾಸ ಬರುತ್ತಿದೆಯಲ್ಲ ಸಾರ್ ಎಂದು ತಮಿಳಿನಲ್ಲಿ ಮೇಷ್ಟರನ್ನು ಕೇಳಿದರು. ಬೇರೆ ರಾಜ್ಯದವರಿಗೆ ಇಲ್ಲಿ ಅವಕಾಶವಿಲ್ಲ ಎಂದರು. ಗದರಿಸಲಿಲ್ಲ, ಮೆತ್ತಗೇ ಹೇಳಿದರು.

ಮೇಷ್ಟರಿಗೆ ಏನೂ ಅರ್ಥವಾಗಲಿಲ್ಲ. ಅವರು ನನ್ನ ಮುಖ ನೋಡಿದರು. ಆಗಲೇ ಹೇಳಬೇಕಿತ್ತು. ನಾನೇ ಮಾಡಿಸಿದೆ, ಮನೆ ಇಲ್ಲೇ ಇದೆ ಎಂದು ಹೇಳಿದ್ದರೆ ಏನಾದರೂ ಬರೆದುಕೊಟ್ಟು ಬಿಡಿಸಿಕೊಳ್ಳಬಹುದಿತ್ತೋ ಏನೋ, ಇವತ್ತಿಗೂ ಗೊತ್ತಿಲ್ಲ. ನಾನು ಹೇಳಿದ್ದು ಇದು:

“ಇಸ್ಕೂಲ್ನಲ್ಲಿ ಆಧಾರ್ ಕ್ಯಾಂಪ್ ಮಾಡಿದ್ರಲ್ಲ ಸಾರ್, ಅಲ್ಲೇನಾರ ಎಡವಟ್ಟಾಗಿರ್ಬೇಕು.”

ಕೆಲವು ತಿಂಗಳ ಹಿಂದೆ ಶಾಲೆಯಲ್ಲಿ ಮಕ್ಕಳ ಬೆರಳಚ್ಚು ಹೊಸದಾಗಿ ತೆಗೆಯುವ ಶಿಬಿರ ನಡೆದಿತ್ತು. ಆ ಶಿಬಿರದ ಅರ್ಜಿಗಳಿಗೆಲ್ಲ ಸಹಿ ಹಾಕಿದ್ದವರು ಇದೇ ಮೇಷ್ಟರು. ಅವರ ಮುಖ ಇಳಿದುಹೋಯಿತು. “ಇರಬೌದು,” ಎಂದರು. “ಒಂದೊಂದಾಗಿ ನಾ ನೋಡ್ನಿಲ್ಲ.”

ಅಷ್ಟು ಬೇಗ ಅವರು ಒಪ್ಪಿಕೊಳ್ಳುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ.

ಮಧ್ಯಾಹ್ನದವರೆಗೂ ಅವರು ಒಬ್ಬರಿಂದ ಒಬ್ಬರ ಹತ್ತಿರ ಹೋಗಿ ಕೈಮುಗಿದರು. ತಂಗಿ ಬೇಲಿಯ ಈಚೆ ಈಟಿ ಹಿಡಿದು ನಿಂತೇ ಇದ್ದಳು. ಆಚೆ ಬೇರೆ ಹುಡುಗಿಯರು ಎಸೆಯುತ್ತಿದ್ದರು. ಅವಳು ಪ್ರತಿಯೊಬ್ಬಳ ಎಸೆತವನ್ನೂ ಕಣ್ಣಲ್ಲಿ ಅಳೆಯುತ್ತಿದ್ದಳು. ನನಗೂ ಕಾಣುತ್ತಿತ್ತು, ಇವಳಷ್ಟು ದೂರ ಎಸೆದವರು ಇಬ್ಬರೋ ಮೂವರೋ. ಅವಳು ಅವತ್ತು ಒಂದು ಸಲವೂ ಎಸೆಯಲಿಲ್ಲ.

ವಾಪಸು ಬರುವ ಬಸ್ಸು ಘಾಟಿಯ ತುದಿಯ ದಿಂಬಂ ಹತ್ತಿರ ಬಂದಾಗ ಅವಳು ಕಿಟಕಿಯ ಕಡೆಯಿಂದ ತಿರುಗದೆ ಕೇಳಿದಳು.

“ಅಣ್ಣ, ಅವ್ರು ನೋಡ್ಬೇಕಿತ್ತಲ್ವಾ?”

ಮೇಷ್ಟರು ಮುಂದಿನ ಸೀಟಿನಲ್ಲಿದ್ದರು. ಅವರಿಗೆ ಕೇಳಿಸುವಂತೆಯೇ ಕೇಳಿದ್ದಳು.

“ನೋಡ್ಬೇಕಿತ್ತು,” ಎಂದೆ ನಾನು.

ಅತ್ತ ಕಡೆಯೂ ಮಾವನ ಜೊತೆ ಹೋಗಿ ನೋಡಿದೆ. ನಿಮ್ಮ ಹುಡುಗಿ ಓದಿದ್ದು ಯಾವ ರಾಜ್ಯದಲ್ಲಿ ಎಂದು ಅಲ್ಲಿ ಕೇಳಿದರು. ಶಾಲೆಯ ಕಾಗದ ನೋಡಿ, ಇಲ್ಲಿ ಓದಿದವರಿಗೆ ಮಾತ್ರ ಎಂದರು. ಒಂದು ಕಡೆ ಮನೆಯಿಲ್ಲ, ಇನ್ನೊಂದು ಕಡೆ ಶಾಲೆಯಿಲ್ಲ. ವಿಳಾಸವನ್ನು ಮತ್ತೆ ಪಣಕಹಳ್ಳಿಗೆ ತರುವ ಹೊತ್ತಿಗೆ ಹಾಸ್ಟೆಲು ತುಂಬಿತ್ತು.

ಮೇಷ್ಟರು ಒಂದು ಸಂಜೆ ಮನೆಗೆ ಬಂದರು. ತಂಗಿ ಒಳಗಿಂದ ಬರಲಿಲ್ಲ. ಯಾರಿಗೂ ಎದುರಾಡದ ನಮ್ಮ ಅವ್ವ, ಹಣೆಯ ವಿಭೂತಿಯ ಮೇಲೆ ಸೆರಗು ಎಳೆದುಕೊಂಡು, “ನಿಮ್ನ ದ್ಯಾವ್ರು ಅಂದ್ಕಂಡಿದ್ವಲ್ಲ ಮೇಷ್ಟ್ರೆ,” ಎಂದಳು. ಅವರು ಜಗಲಿಯ ಮೇಲೆ ಕೂರದೆ ಹಾಗೇ ಹೋದರು. ಅವರನ್ನು ಬಸ್ ಸ್ಟಾಪಿನವರೆಗೆ ಬಿಟ್ಟುಬಂದವನು ನಾನೇ. ದಾರಿಯುದ್ದಕ್ಕೂ ಅವರು ನನಗೇ ಸಮಾಧಾನ ಹೇಳಿದರು. ಆ ವರ್ಷ ಮುಗಿಯುವುದರೊಳಗೆ ಕೇಳಿಕೊಂಡು ಕೆಳಗೆ ವರ್ಗ ಮಾಡಿಸಿಕೊಂಡರು.

ತಂಗಿ ಹನ್ನೆರಡನೇ ಕ್ಲಾಸಿಗೆ ಓದು ನಿಲ್ಲಿಸಿದಳು. ಈಗ ಕೋಸಿನ ಲೋಡಿಂಗಿಗೆ ಹೋಗುತ್ತಾಳೆ. ಎಲೆಕೋಸು ಕೊಯ್ದು ರಾಶಿ ಹಾಕಿದ ಮೇಲೆ ಲಾರಿಗೆ ತುಂಬುವುದು ಕೈಯಿಂದ ಕೈಗೆ ಎಸೆದು. ಕೆಳಗಿನವರು ಒಂದೊಂದೇ ಗಡ್ಡೆ ಎಸೆಯುತ್ತಾರೆ, ಲಾರಿಯ ಮೇಲಿನವರು ಹಿಡಿದು ಜೋಡಿಸುತ್ತಾರೆ. ಅವಳ ಎಸೆತಕ್ಕೆ ಮೇಲಿನವರು, “ಮೆಲ್ಲಗ ಅಮ್ಮಿ, ಕೈ ಕಿತ್ತೋಯ್ತದ!” ಎಂದು ಕೂಗುತ್ತಾರೆ. ಒಂದು ಗಡ್ಡೆಯೂ ಅವಳ ಗುರಿ ತಪ್ಪುವುದಿಲ್ಲ. ನಾನು ಆ ಕಡೆ ನೋಡುವುದಿಲ್ಲ.

ಹೇಳಲು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಅವಳು ಊಟ ಬಡಿಸುವಾಗ, ಹೊಲದಲ್ಲಿ ಇಬ್ಬರೇ ಇರುವಾಗ. ಪ್ರತಿ ಸಲವೂ, ಈಗ ಹೇಳಿ ಏನು ಪ್ರಯೋಜನ ಎಂದು ನನಗೆ ನಾನೇ ಹೇಳಿಕೊಂಡೆ. ಈ ವರ್ಷ ಆ ನೆಪವೂ ಉಳಿಯಲಿಲ್ಲ.

ಮೇಷ್ಟರು ನನ್ನ ಮೊಬೈಲಿಗೆ ಫೋನ್ ಮಾಡಿದರು. ನಾಲ್ಕು ವರ್ಷದ ಮೇಲೆ ಮೊದಲ ಸಲ. ಅವರು ಈಗಿರುವ ಊರಿನ ಒಂದು ಶಾಲೆಯಲ್ಲಿ ಎಸೆತದ ಹೆಣ್ಣುಮಕ್ಕಳನ್ನು ನೋಡಿಕೊಳ್ಳಲು ಒಬ್ಬಳು ಬೇಕಂತೆ. ಇರಲು ಜಾಗ ಕೊಡುತ್ತಾರೆ. “ಅವ್ಳೂ ಎಸೀಬೌದು. ಇನ್ನೂ ವಯಸ್ಸದ. ನಾ ಅವ್ಳ್ಗ ಮಾಡಿದ್ ತಪ್ಪಿಗ ಇಷ್ಟಾದ್ರೂ ಮಾಡ್ತಿನಿ,” ಎಂದರು. ಒಂದು ವಾರದಲ್ಲಿ ಹೇಳಬೇಕು ಎಂದರು.

ನಾನು ತಂಗಿಗೆ ಹೇಳಿದೆ. ಅವಳು ಕೈ ತೊಳೆಯುತ್ತಿದ್ದಳು.

“ಅವ್ರ್ ಮಕ ನಾ ನೋಡಲ್ಲ,” ಎಂದಳು.

“ಒಳ್ಳೆ ಅವಕಾಸ ಕಣಮ್ಮಿ.”

“ಸೈನ್ ಆಕ್ವಾಗ ಒಂದ್ಸಲ ನೋಡಕ್ಕ ಆಗ್ನಿಲ್ಲ ಅವ್ರ್ಗ. ಈಗ್ಯಾಕ ಕನಿಕರ? ಬ್ಯಾಡ ಅನ್ನು.”

ಆಗಲೂ ನಾನು ಹೇಳಲಿಲ್ಲ. ಇನ್ನೂ ಒಂದು ವಾರವಿದೆ ಎಂದುಕೊಂಡೆ. ಆ ವಾರ ಬೆಳಗ್ಗೆ ಬೆಳಗ್ಗೆ ಟೀ ಅಂಗಡಿಗೆ ಹೋದೆ. ಪ್ರಶಸ್ತಿಯ ಪಟ್ಟಿ ಬಂದಿತ್ತು, ವಾದ ಮಾಡಿದೆ. ಎಂಟನೇ ದಿನ ಮೇಷ್ಟರು ಮತ್ತೆ ಫೋನ್ ಮಾಡಿ, ಬೇರೆ ಹುಡುಗಿಯನ್ನು ತೆಗೆದುಕೊಂಡರು, ತಂಗಿಗೆ ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳು ಎಂದರು. ಸರಿ ಸಾರ್ ಎಂದೆ, ಫೋನ್ ಇಟ್ಟೆ.

ಮಾರನೆಯ ಬೆಳಗ್ಗೆಯೂ ಕಾಲು ಅಭ್ಯಾಸದ ಮೇಲೆ ಅಂಗಡಿಗೇ ಕರೆದುಕೊಂಡು ಹೋಯಿತು. ಎದುರಿಗೆ ಕೋಸಿನ ಲಾರಿ ನಿಂತಿತ್ತು. ತಂಗಿಯೂ ಇನ್ನಿಬ್ಬರು ಹೆಂಗಸರೂ ಟೀಗೆ ಬಂದು ಕಂಬದ ಪಕ್ಕ ನಿಂತಿದ್ದರು. ದೊಡ್ಡಪ್ಪ ಪೇಪರ್ ಹರಡಿಕೊಂಡು ಓದುತ್ತಿದ್ದರು. ಪಟ್ಟಿಯಲ್ಲಿದ್ದ ಒಬ್ಬ ಓಟದ ಹುಡುಗಿಯ ಅಣ್ಣ ತನ್ನ ಓದು ಬಿಟ್ಟು ಅವಳನ್ನು ಓಡಿಸಿದನಂತೆ.

“ನಮ್ ವೋಟು ಈ ಉಡ್ಗೀಗೇ,” ಎಂದ ಅಂಗಡಿಯವನು.

“ಉಡ್ಗೀಗ್ ಯಾಕ್ಲಾ? ಆ ಅಣ್ಣನ್ಗ ಕೊಡ್ಬೇಕು,” ಎಂದರು ದೊಡ್ಡಪ್ಪ. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟರು. “ಇವ್ನೂ ಏನ್ ಕಮ್ಮಿ ಇಲ್ಲ. ತಂಗಿಗೋಸ್ಕರ ಎರಡ್ ರಾಜ್ಯನೂ ಸುತ್ತಿ ಬಂದ. ಆ ಮೇಷ್ಟ್ರು ಆಳ್ ಮಾಡ್ದೇ ಇದ್ದಿದ್ರ ಇವತ್ತು ಅವ್ಳ್ ಫೋಟೋ ಇಲ್ಲಿರದು. ನಮ್ ಊರಿಂದ ಒಂದ್ ಪ್ರಶಸ್ತಿ ಕೊಡದಾದ್ರ ಇವ್ನಿಗೇ ಕೊಡ್ಬೇಕು, ಏನಮ್ಮಿ?”

ತಂಗಿ ಲೋಟ ಹಿಡಿದುಕೊಂಡು ನನ್ನ ಕಡೆ ನೋಡಿದಳು. ಅವಳು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು.

“ಊ ದೊಡ್ಡಪ್ಪ. ನಮ್ಮಣ್ಣನ್ಗೇ ಕೊಡಿ. ನಂಗೋಸ್ಕರ ಓಡಾಡ್ದೋನು ಅವ್ನೊಬ್ನೇ.”

ಅಂಗಡಿಯವನು ಚಪ್ಪಾಳೆ ತಟ್ಟಿದ. ಬೆಂಚಿನ ಮೇಲಿದ್ದವರೂ ತಟ್ಟಿದರು. ಮೈದಾನದ ಬಾಗಿಲಲ್ಲಿ ಕೈಮುಗಿದುಕೊಂಡು ಓಡಾಡಿದ ಆ ಮನುಷ್ಯ ಆಗ ಅಲ್ಲಿ ಇರಲಿಲ್ಲ. ಅವರ ಪರವಾಗಿ ಮಾತಾಡುವವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಇನ್ನೊಂದು ಕ್ಷಣ ಸುಮ್ಮನಿದ್ದರೆ ನಾನು ಯಾವತ್ತೂ ಹೇಳಲಾರೆ ಎಂದು ನನಗೆ ಗೊತ್ತಾಯಿತು. ಎದ್ದು ನಿಂತೆ. ತಟ್ಟುತ್ತಿದ್ದವರು ನಾನು ಏನೋ ತಮಾಷೆ ಮಾಡುತ್ತೇನೆ ಎಂದು ಸುಮ್ಮನಾದರು.

“ಮೇಷ್ಟ್ರಲ್ಲ ಕಣಮ್ಮಿ,” ಎಂದೆ. ಮತ್ತೆ ಹೇಳಿದೆ. “ಮೇಷ್ಟ್ರಲ್ಲ. ಅಡ್ರೆಸ್ ಮಾರ್ಸ್ದೋನು ನಾನು. ಮಾವ್ನ್ ಮನ ಅಡ್ರೆಸ್ ಆಕ್ಸಿದ್ದು ನಾನು, ಕ್ಯಾಂಪ್ನಲ್ಲಾಯ್ತು ಅಂತ ಸುಳ್ಳ್ ಯೋಳಿದ್ದೂ ನಾನು. ಓದ್ ವಾರ ನೀ ಬ್ಯಾಡ ಅಂದಾಗ್ಲೂ ಬಾಯ್ ಬುಡ್ನಿಲ್ಲ. ಆ ಕೆಲ್ಸನೂ ಓಯ್ತು, ನೆನ್ನ ಫೋನ್ ಬಂತು. ಎಲ್ಲ ಆಳ್ ಮಾಡ್ದೋನು ನಾನೇ ಕಣವ್ವ. ನಿನ್ನ ಒಂದ್ ಮಾತ್ ಕೇಳ್ನಿಲ್ಲ. ತಪ್ಪಾಯ್ತು. ನಂದು ತಪ್ಪಾಯ್ತು ಕಣವ್ವ.”